ಕೂಡಿಟ್ಟ ಜೇನು ಯಾರ ಪಾಲು?

ಹೊಂಗೆ ಹೂ ಬಿಡುವುದೂ ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ತೇರು ಹೊರಡುವುದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಮಾರ್ಚ್ ಕಳೆದು ಏಪ್ರಿಲ್ ಹುಟ್ಟುವ ಆ ದಿನಗಳಲ್ಲಿ ಗರ್ಭಗುಡಿಯೊಳಗೆ ಹಾಲು, ಮೊಸರು, ತುಪ್ಪ, ಸಕ್ಕರೆಯ ಜೊತೆಗೆ ಜೇನುತುಪ್ಪವೂ ಲಿಂಗದ ಮೇಲೆ ಇಳಿಯುತ್ತದೆ. ಅದೇ ವೇಳೆಗೆ ಆಚೆ ಹಳ್ಳಿಗಳಲ್ಲಿ, ದೇವನೂರಿನಿಂದ ತಿರುಮಕೂಡಲಿನವರೆಗಿನ ಬದು ಬೇಲಿಗಳಲ್ಲಿ, ತುಡುವೆ ಜಾತಿಯ ಜೇನುನೊಣಗಳು ಹೊಂಗೆ, ಬೇವು, ನೇರಳೆ ಮರಗಳಿಗೆ ಮುತ್ತಿಕೊಂಡಿರುತ್ತವೆ. ಅದರ ಹಿಂದೆಯೇ ಹುಣಸೆ ಹೂವಾಗುತ್ತದೆ. ಮುಂಗಾರು ಹಿಡಿದರೆ ಅಲ್ಲಿಗೆ ಅವುಗಳ ಸುಗ್ಗಿ ಮುಗಿಯಿತು. ಮಳೆಗಾಲದ ತಿಂಗಳುಗಳಿಗೆ ಬೇಕಾದದ್ದನ್ನೆಲ್ಲ ಅಷ್ಟರೊಳಗೆ ಗೂಡಿಗೆ ತುಂಬಿಕೊಳ್ಳಬೇಕು.

ಹೀಗೆ ತುಂಬಿಕೊಳ್ಳುವುದು ಲೋಭವೋ, ವಿವೇಕವೋ? ನಮ್ಮ ಧರ್ಮಗ್ರಂಥಗಳು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡಿವೆ. ವಿಚಿತ್ರವೆಂದರೆ ಒಂದೇ ಹುಳಕ್ಕೆ ಎರಡು ತೀರ್ಪು ಕೊಟ್ಟಿವೆ.

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಒಬ್ಬ ಅವಧೂತ ಬರುತ್ತಾನೆ. ಯದುರಾಜ ಕೇಳಿದಾಗ ತನಗೆ ಇಪ್ಪತ್ನಾಲ್ಕು ಗುರುಗಳೆಂದು ಹೇಳಿ ಭೂಮಿ, ಗಾಳಿ, ಹೆಬ್ಬಾವು, ಪಾರಿವಾಳ ಎಂದು ಒಂದೊಂದಾಗಿ ಎಣಿಸುತ್ತಾನೆ. ಆ ಸಾಲಿನಲ್ಲಿ ಜೇನುನೊಣವೂ ಉಂಟು. ಅದು ಹೂವಿಗೆ ನೋವಾಗದಂತೆ ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುತ್ತದೆ. ಭಿಕ್ಷುವೂ ಮನೆಮನೆಗೆ ಹೋಗಿ ತುತ್ತು ತುತ್ತೇ ಎತ್ತಬೇಕು ಎನ್ನುವುದು ಮೊದಲ ಪಾಠ. ಮಧುಕರಿ ಎಂಬ ಭಿಕ್ಷಾವೃತ್ತಿ ಇಂದಿಗೂ ಸನ್ಯಾಸಿಗಳ ನಡುವೆ ಉಳಿದಿದೆ. ಎರಡನೆಯ ಪಾಠ ಇದಕ್ಕೆ ತದ್ವಿರುದ್ಧ: ನಾಳೆಗೆಂದು ಕೂಡಿಟ್ಟ ಭಿಕ್ಷು, ಕೂಡಿಟ್ಟ ನೊಣದಂತೆಯೇ, ಕೂಡಿಟ್ಟದ್ದರ ಸಮೇತ ನಾಶವಾಗುತ್ತಾನೆ. ಅಲ್ಲಿಗೂ ನಿಲ್ಲದೆ ಅವಧೂತ ಜೇನು ಕೀಳುವವನನ್ನೂ ಗುರುಗಳ ಪಟ್ಟಿಗೆ ಸೇರಿಸುತ್ತಾನೆ. ಲೋಭಿ ತಾನೂ ಉಣ್ಣದೆ ಯಾರಿಗೂ ಕೊಡದೆ ಇಟ್ಟದ್ದು ಕೊನೆಗೆ ಇನ್ನೊಬ್ಬನ ಪಾಲು ಎಂಬುದಕ್ಕೆ ಅವನು ಸಾಕ್ಷಿ.

ಬೌದ್ಧರೂ ಜೈನರೂ ನೊಣದ ಮೊದಲ ಮುಖವನ್ನೇ ಹಿಡಿದರು. ಧಮ್ಮಪದದ ಹೂವಿನ ವರ್ಗದಲ್ಲಿ ಹೂವಿನ ಬಣ್ಣ, ವಾಸನೆ ಕೆಡಿಸದೆ ರಸವನ್ನಷ್ಟೇ ಕೊಂಡೊಯ್ಯುವ ದುಂಬಿ ಊರಲ್ಲಿ ಸಂಚರಿಸುವ ಮುನಿಗೆ ಮಾದರಿ. ಶ್ವೇತಾಂಬರ ಜೈನರ ದಶವೈಕಾಲಿಕ ಸೂತ್ರದ ಮೊದಲ ಅಧ್ಯಾಯವೇ ಈ ಹೋಲಿಕೆಗೆ ಮೀಸಲು. ಅಂದರೆ ಹೂವಿನ ಮೇಲೆ ಕೂತಿರುವಷ್ಟು ಹೊತ್ತು ಈ ಹುಳ ಎಲ್ಲರಿಗೂ ಸಂತ. ಗೂಡಿಗೆ ಮರಳಿದ ಕೂಡಲೇ ಜಿಪುಣ.

ಈ ಎರಡು ತೀರ್ಪುಗಳನ್ನು ಎದುರುಬದುರು ಕೂರಿಸಿ ವಿಚಾರಿಸಲು ನಂಜನಗೂಡು ತಾಲ್ಲೂಕಿನ ದೇವನೂರಿಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಕನ್ನಡ ಓದುಗರಿಗೆ ಈ ಊರು ದೇವನೂರ ಮಹಾದೇವರ ಊರು. ಹಳೇ ಮೈಸೂರಿನ ಹಳ್ಳಿಗರಿಗೆ ಅದಕ್ಕೂ ಮೊದಲಿನಿಂದ ಗುರುಮಲ್ಲೇಶ್ವರರ ಊರು. ಅವರ ಹೆಸರಿನ ದಾಸೋಹ ಮಠ ಇಲ್ಲಿದೆ. ಅದೇ ಪರಂಪರೆಯ ಮಠಗಳು ಮೈಸೂರು, ಚಾಮರಾಜನಗರ ಸೀಮೆಯ ಎಷ್ಟೋ ಊರುಗಳಲ್ಲಿವೆ. ಬಂದವರಿಗೆ ಅನ್ನ ಹಾಕುವುದೇ ಅಲ್ಲಿಯ ಪೂಜೆ. ಅದೇ ತಾಲ್ಲೂಕಿನಲ್ಲಿ, ಕಪಿಲೆಯ ದಂಡೆಯ ಮೇಲೆ, ಸುತ್ತೂರು ಮಠವಿದೆ. 1954ರಲ್ಲಿ ಜೆಎಸ್‌ಎಸ್ ವಿದ್ಯಾಪೀಠವನ್ನು ಕಟ್ಟಿದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹುಡುಗರ ಊಟಕ್ಕೆ ಹಣ ಸಾಲದಾದಾಗ ಚಿನ್ನದ ಕರಡಿಗೆಯನ್ನೇ ತೆಗೆದುಕೊಟ್ಟರೆಂಬ ಮಾತು ಈ ಭಾಗದಲ್ಲಿ ಇಂದಿಗೂ ಮನೆಮಾತು.

ದಾಸೋಹದ ಈ ನೆಲಕ್ಕೆ ಕೂಡಿಡುವುದರ ಬಗ್ಗೆ ಕಟುವಾದ ಒಂದು ನೆನಪೂ ಇದೆ. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲೇ ಸುರಿದು ಬರುವಂತೆ ಹೇಳಿ ಕಳಿಸಿದಳು. ಆಸೆ ಅರಸರಿಗಿರಲಿ, ಶರಣರಿಗೇಕೆ ಎಂಬುದು ಅವಳ ನಿಲುವು. ಹಾಗಿದ್ದರೆ ಹೊಂಗೆಯ ಸುಗ್ಗಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಮಕರಂದ ಹೊತ್ತು ಬಂದ ತುಡುವೆಗೆ ಲಕ್ಕಮ್ಮ ಏನು ಹೇಳುತ್ತಿದ್ದಳು?

ಇನ್ನೊಂದು ದಿಕ್ಕಿನಿಂದ ಇದೇ ಪ್ರಶ್ನೆ ಮಹಾದೇವರ ‘ಒಡಲಾಳ’ದಲ್ಲಿದೆ. ಸಾಹುಕಾರನ ಒಂದು ಮೂಟೆ ಕಳ್ಳೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತಾರೆ. ಪೊಲೀಸರು ಹುಡುಕಿಕೊಂಡು ಬರುವುದು ಆಮೇಲೆ. ಬೆಳೆಸಿದವರು ಯಾರು, ಕೂಡಿಟ್ಟವರು ಯಾರು, ಹಸಿದವರು ಯಾರು, ಕಳ್ಳರು ಯಾರು? ಕೂಡಿಟ್ಟದ್ದರ ಒಡೆತನದ ಪ್ರಶ್ನೆ ಎದ್ದಲ್ಲೆಲ್ಲ ಈ ನಾಲ್ಕೂ ಒಟ್ಟಿಗೇ ಏಳುತ್ತವೆ. ಜೇನಿನ ವಿಚಾರದಲ್ಲಿ ಇವಕ್ಕೆ ಉತ್ತರ ಬೇಕಾದರೆ ಹುಳದ ಮೈಯೊಳಗೇ ಇಣುಕಬೇಕು.

ಜೇನುನೊಣಕ್ಕೆ ಎರಡು ಹೊಟ್ಟೆ. ಹೂವಿನಿಂದ ಹೀರಿದ ಮಕರಂದ ಮೊದಲು ಹೋಗುವುದು ಮುಂದಿನ ಚೀಲಕ್ಕೆ. ಅದರ ಹಿಂದೆ ನಿಜವಾದ ಜೀರ್ಣಾಶಯ. ಎರಡರ ನಡುವೆ ನಾಲ್ಕು ತುಟಿಗಳ ಪುಟ್ಟ ಕವಾಟ. ಹಾರಾಟಕ್ಕೆ ತನಗೆ ಬೇಕಾದ ಹನಿಯಷ್ಟನ್ನು ಮಾತ್ರ ನೊಣ ಈ ಕವಾಟ ತೆರೆದು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಉಳಿದದ್ದು ಮುಂದಿನ ಚೀಲದಲ್ಲೇ ಇದ್ದು ಗೂಡಿಗೆ ಬಂದು, ಇನ್ನೊಂದು ನೊಣದ ಬಾಯಿಗೆ ದಾಟುತ್ತದೆ. ತನ್ನ ಪಾಲು ಯಾವುದು, ಹತ್ತು ಜನರ ಪಾಲು ಯಾವುದು ಎಂಬ ಗೆರೆಯನ್ನು ಮೈಯೊಳಗೇ ಎಳೆದುಕೊಂಡಿರುವ ಜೀವಿ ಇದು.

ಹೀಗೆ ದಾಟಿದ ಹನಿ ಎಲ್ಲಿಯವರೆಗೆ ಹೋಗುತ್ತದೆ? 1952ರಲ್ಲಿ ಇಂಗ್ಲೆಂಡಿನ ನಿಕ್ಸನ್ ಮತ್ತು ರಿಬ್ಯಾಂಡ್ಸ್ ಎಂಬಿಬ್ಬರು ಇದನ್ನು ಪರೀಕ್ಷಿಸಿದರು. ವಿಕಿರಣಶೀಲ ರಂಜಕ ಬೆರೆಸಿದ ಸಕ್ಕರೆ ಪಾಕವನ್ನು ಬರೀ ಆರು ನೊಣಗಳಿಗೆ ಕುಡಿಸಿ ಗೂಡಿಗೆ ಬಿಟ್ಟರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ನೊಣಗಳಿದ್ದ ಕುಟುಂಬ ಅದು. ಒಂದು ಹಗಲು ಒಂದು ರಾತ್ರಿ ಕಳೆದು ನೋಡಿದರೆ ಹೊರಗೆ ದುಡಿಯುವ ನೊಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಆ ಪಾಕದ ಗುರುತು ಹೊತ್ತಿದ್ದವು. ಆರು ನೊಣ ತಂದದ್ದು ಇಡೀ ಊರಿಗೆ ಹಂಚಿಹೋಗಿತ್ತು. ದಾಸೋಹ ಎಂಬ ಮಾತನ್ನು ಹುಳುಗಳಿಗೆ ಅನ್ವಯಿಸಲು ಹಿಂಜರಿಯುವವರೂ ಈ ಪ್ರಯೋಗದ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಹಂಚಿಕೆ ನಡೆಯುವಾಗಲೇ ಅಡುಗೆಯೂ ನಡೆದಿರುತ್ತದೆ. ಮಕರಂದ ಎಂದರೆ ಬಹುಪಾಲು ನೀರು, ಅದರಲ್ಲಿ ಕರಗಿದ ಸಕ್ಕರೆ. ಹಾಗೇ ಬಿಟ್ಟರೆ ಎರಡು ದಿನದಲ್ಲಿ ಹುಳಿಯೊಡೆಯುತ್ತದೆ. ನೊಣದ ತಲೆಯೊಳಗಿನ ಗ್ರಂಥಿಗಳಿಂದ ಕೆಲವು ಕಿಣ್ವಗಳು ಆ ಹನಿಗೆ ಬೆರೆಯುತ್ತವೆ. ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸ್ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಸೀಳುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಇನ್ನೊಂದು ಗ್ಲೂಕೋಸಿನ ಸ್ವಲ್ಪ ಭಾಗವನ್ನು ಗ್ಲೂಕೋನಿಕ್ ಆಮ್ಲವಾಗಿಸಿ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುತ್ತದೆ. ಒಳಮನೆಯ ನೊಣ ಹನಿಯನ್ನು ನಾಲಿಗೆಯ ಮೇಲೆ ಚಾಚಿ, ಮಡಿಚಿ, ಮತ್ತೆ ಚಾಚಿ ಆರಿಸುತ್ತದೆ. ಉಳಿದವು ಸಾಲಾಗಿ ನಿಂತು ರೆಕ್ಕೆ ಬೀಸುತ್ತವೆ. ನೀರಿನಂಶ ಸುಮಾರು ಶೇಕಡಾ 20ರ ಆಸುಪಾಸಿಗೆ ಇಳಿದ ಮೇಲೆ ಕಣಕ್ಕೆ ಮೇಣದ ಮುಚ್ಚಳ ಬೀಳುತ್ತದೆ.

ಜೇನು ಕೆಡದಿರುವುದರಲ್ಲಿ ಆ ಪೆರಾಕ್ಸೈಡಿನ ಪಾತ್ರ ತಿಳಿದದ್ದು ತಡವಾಗಿ. ಜೇನಿನಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವುದೇನೋ ಇದೆ ಎಂದು ಗುರುತಿಸಿ ವಿಜ್ಞಾನಿಗಳು ಅದಕ್ಕೆ ಇನ್‌ಹಿಬಿನ್ ಎಂದು ಹೆಸರಿಟ್ಟಿದ್ದರು. ಅದು ಬೇರೇನೂ ಅಲ್ಲ, ಈ ಕಿಣ್ವ ಹುಟ್ಟಿಸುವ ಹೈಡ್ರೋಜನ್ ಪೆರಾಕ್ಸೈಡ್ ಎಂದು ಅಮೆರಿಕದ ಜೊನಾಥನ್ ವೈಟ್ ಮತ್ತು ಸಂಗಡಿಗರು 1963ರಲ್ಲಿ ತೋರಿಸಿದರು. ಪೂರ್ತಿ ಮಾಗಿದ ಜೇನಿನಲ್ಲಿ ಈ ಕಿಣ್ವ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನೀರು ಸೋಕಿ ಜೇನು ತೆಳುವಾದರೆ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಮಾಡಿಟ್ಟ ನೊಣ ಸತ್ತು ಎಷ್ಟೋ ದಿನವಾದ ಮೇಲೂ ಅದರ ಮೈಯಿಂದ ಬಂದದ್ದೊಂದು ಕಣಜ ಕಾಯುತ್ತಿರುತ್ತದೆ.

ಈ ಕಿಣ್ವಗಳನ್ನು ಒಸರುವ ತಲೆಯ ಗ್ರಂಥಿಯ ಕತೆ ಇನ್ನೂ ಸ್ವಾರಸ್ಯದ್ದು. ಹುಟ್ಟಿದ ಮೊದಲ ವಾರಗಳಲ್ಲಿ ಕೆಲಸಗಾರ ನೊಣ ದಾದಿ. ಆಗ ತಲೆಯ ಗ್ರಂಥಿಗಳಲ್ಲಿ ಊರುವುದು ಮರಿಗಳಿಗೂ ರಾಣಿಗೂ ಉಣಿಸುವ ಹಾಲಿನಂಥ ಆಹಾರ. ವಯಸ್ಸು ಬಲಿತು ಹೊರಗಿನ ದುಡಿಮೆಗೆ ಹೊರಟಾಗ ಅದೇ ಗ್ರಂಥಿ ಹಾಲು ನಿಲ್ಲಿಸಿ ಸಕ್ಕರೆ ಸೀಳುವ ಕಿಣ್ವವನ್ನು ಒಸರತೊಡಗುತ್ತದೆ. ಈ ಬದಲಾವಣೆಯನ್ನು ಪ್ರೋಟೀನುಗಳ ಮಟ್ಟದಲ್ಲಿ ಗುರುತಿಸಿ 1996ರಲ್ಲಿ ಪ್ರಕಟಿಸಿದವರು ಟೋಕಿಯೊದ ಸಂಶೋಧಕರು. ಗೂಡಿನಲ್ಲಿ ದಾದಿಯರೇ ಇಲ್ಲದಂತಾದರೆ ಮುದಿ ನೊಣಗಳಲ್ಲಿ ಕೆಲವು ಮತ್ತೆ ಹಾಲೂಡಿಸುವ ಕೆಲಸಕ್ಕೆ ಮರಳುವುದೂ ಉಂಟು. ಕಾಯಕ ಬದಲಾದಂತೆ ಕಾಯವೇ ಬದಲಾಗುತ್ತದೆ. ಗೂಡಿನ ಅಗತ್ಯ ನೋಡಿ ದೇಹ ತನ್ನ ದುಡಿಮೆಯನ್ನು ಆರಿಸಿಕೊಳ್ಳುತ್ತದೆ.

ಇಷ್ಟು ದುಡಿದ ನೊಣಕ್ಕೆ ಸಿಗುವುದೇನು? ಸುಗ್ಗಿಯ ಕಾಲದ ಕೆಲಸಗಾರ ನೊಣದ ಆಯಸ್ಸು ಆರು ವಾರದ ಆಸುಪಾಸು. ಅದರ ಜೀವಮಾನದ ಗಳಿಕೆ ಒಂದು ಟೀ ಚಮಚದ ಹನ್ನೆರಡನೇ ಒಂದು ಭಾಗ ಜೇನು ಎಂಬುದು ಯುರೋಪಿನ ನೊಣದ ಬಗ್ಗೆ ಸಾಮಾನ್ಯವಾಗಿ ಹೇಳುವ ಲೆಕ್ಕ. ನಮ್ಮ ತುಡುವೆ ಅದಕ್ಕಿಂತ ಚಿಕ್ಕದು. ಮಾರ್ಚ್‌ನಲ್ಲಿ ಹೊಂಗೆಯ ಮಕರಂದ ಹೊತ್ತ ನೊಣ ಜುಲೈನ ಜಡಿಮಳೆಯನ್ನು ಕಾಣುವುದಿಲ್ಲ. ಮಳೆಗಾಲದಲ್ಲಿ ಆ ಜೇನು ತಿಂದು, ಅದರ ಶಕ್ತಿಯಿಂದ ಮೈ ಕಂಪಿಸಿ ಮರಿಗಳನ್ನು ಸುಮಾರು 35 ಡಿಗ್ರಿ ಬಿಸಿಯಲ್ಲಿ ಕಾಪಾಡುವವು ಆಮೇಲೆ ಹುಟ್ಟಿದವು. ಚಳಿದೇಶಗಳಲ್ಲಿ ಈ ಏರ್ಪಾಡು ಇನ್ನೂ ಎದ್ದು ಕಾಣುತ್ತದೆ. ಬೇಸಿಗೆಯ ನೊಣಗಳು ವಾರಗಳಲ್ಲಿ ಸಾಯುತ್ತವೆ; ಶರತ್ಕಾಲದ ಕೊನೆಗೆ ಹುಟ್ಟುವ, ಮೈಯಲ್ಲಿ ಕೊಬ್ಬು, ಪ್ರೋಟೀನು ತುಂಬಿಕೊಂಡ ಬೇರೆಯೇ ಬಗೆಯ ನೊಣಗಳು ಐದಾರು ತಿಂಗಳು ಬದುಕಿ ಹಿಮಗಾಲ ದಾಟಿಸುತ್ತವೆ. ನಮ್ಮಲ್ಲಿ ಹಿಮವಿಲ್ಲ. ಇಲ್ಲಿಯ ಬರಗಾಲ ಜೂನ್‌ನಿಂದ ಸೆಪ್ಟೆಂಬರ್. ಅಕ್ಟೋಬರ್ ಬಂದು ಹೊಲಗಳಲ್ಲಿ ಹುಚ್ಚೆಳ್ಳು ಹಳದಿಯಾದಾಗ ಕುಟುಂಬ ಮತ್ತೆ ಬೆಳೆಯುತ್ತದೆ.

ಅವಧೂತನ ಎರಡನೆಯ ಪಾಠ ಇಲ್ಲಿ ಸಡಿಲವಾಗುತ್ತದೆ. ಲೋಭಿ ಎಂದರೆ ತನಗೆಂದು ಕೂಡಿಟ್ಟವನು. ಗೂಡಿನಲ್ಲಿ ಜೇನಿಗೆ ಒಡೆಯನಿಲ್ಲ. ಕೂಡಿಟ್ಟವರು ಉಣ್ಣುವುದಿಲ್ಲ, ಉಣ್ಣುವವರು ಕೂಡಿಟ್ಟವರಲ್ಲ. ಲಕ್ಕಮ್ಮ ಗಂಡನನ್ನು ತಡೆದದ್ದು ಹೆಚ್ಚಿನ ಅಕ್ಕಿ ಇಬ್ಬರ ಮನೆಯ ಗಂಟಾಗಿಬಿಡುವ ಭಯದಿಂದ. ಜೇನುಗೂಡಿನಲ್ಲಿ ಗಂಟು ಕಟ್ಟಿಕೊಳ್ಳುವ ಮನೆಯೇ ಇಲ್ಲ. ಹಾಗಾಗಿ ಈ ಹುಳವನ್ನು ಜಿಪುಣರ ಪಟ್ಟಿಗೆ ಸೇರಿಸಿದ್ದು ಅನ್ಯಾಯ ಎಂದೇ ಹೇಳಬೇಕಾಗುತ್ತದೆ.

ಹಾಗೆಂದು ಗೂಡನ್ನು ಆಶ್ರಮ ಮಾಡುವುದೂ ಸರಿಯಲ್ಲ. ಮಠದ ಬಾಗಿಲಲ್ಲಿ ಬಂದವನ ಕುಲಗೋತ್ರ ಕೇಳುವುದಿಲ್ಲ; ಗೂಡಿನ ಬಾಗಿಲಲ್ಲಿ ಕಾವಲು ನೊಣಗಳು ಪ್ರತಿಯೊಂದರ ಮೈವಾಸನೆ ನೋಡುತ್ತವೆ, ಬರಗಾಲದಲ್ಲಿ ಕದಿಯಲು ಬಂದ ಪರ ಗೂಡಿನ ನೊಣವನ್ನು ಕೊಂದೇ ಹಾಕುತ್ತವೆ. ಹೂವು ಮುಗಿದಾಗ ಗಂಡು ನೊಣಗಳಿಗೆ ಊಟ ನಿಲ್ಲುತ್ತದೆ, ಹೊರಕ್ಕೆ ದಬ್ಬಿಸಿಕೊಂಡು ಸಾಯುತ್ತವೆ. ರಾಣಿಯ ಮೊಟ್ಟೆ ಕಡಿಮೆಯಾಗುತ್ತದೆ. ಗೂಡನ್ನು ಸಮಾಜಕ್ಕೆ ಮಾದರಿಯಾಗಿ ಹಿಡಿದವರೆಲ್ಲ ತಮ್ಮ ಕಾಲದ ರಾಜಕೀಯವನ್ನೇ ಅದರಲ್ಲಿ ಕಂಡರು. ಬಹುಕಾಲ ಯುರೋಪಿನವರು ಅಲ್ಲಿ ರಾಜನನ್ನು ಕಂಡಿದ್ದರು. 1609ರಲ್ಲಿ ಚಾರ್ಲ್ಸ್ ಬಟ್ಲರ್ ಅದು ಹೆಣ್ಣಿನ ರಾಜ್ಯವೆಂದು ಪುಸ್ತಕ ಬರೆದ. ಒಂದು ಶತಮಾನದ ಮೇಲೆ ಮ್ಯಾಂಡೆವಿಲ್ ಎಂಬ ಲೇಖಕ ಅದೇ ಗೂಡಿನಲ್ಲಿ ವ್ಯಕ್ತಿಯ ದುರಾಸೆಯಿಂದಲೇ ಊರಿನ ಸಂಪತ್ತು ಎಂಬ ಅರ್ಥಶಾಸ್ತ್ರವನ್ನು ಕಂಡ. ದಾಸೋಹದ ನಾಡಿನವರು ಅಲ್ಲಿ ದಾಸೋಹ ಕಾಣುವಾಗಲೂ ಈ ಎಚ್ಚರ ಬೇಕು. ಹುಳದಿಂದ ನೀತಿ ಹುಟ್ಟುವುದಿಲ್ಲ. ಅದರ ಬಗ್ಗೆ ನಾವು ಹೇಳಿಕೊಂಡ ಸುಳ್ಳು ಮಾತ್ರ ಅದರ ಮೈ ನೋಡಿದರೆ ಬಯಲಾಗುತ್ತದೆ.

ಛಾಂದೋಗ್ಯ ಉಪನಿಷತ್ತು ಜೇನನ್ನು ಹಿಡಿದು ಕೇಳಿದ ಪ್ರಶ್ನೆ ಬೇರೆ. ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಹೇಳುತ್ತಾನೆ: ನೊಣಗಳು ನಾನಾ ಮರಗಳ ರಸ ತಂದು ಒಂದೇ ರಸ ಮಾಡುತ್ತವೆ, ಆಗ ನಾನು ಈ ಮರದ ರಸ, ನಾನು ಆ ಮರದ ರಸ ಎಂಬ ಅರಿವು ಅವಕ್ಕಿರುವುದಿಲ್ಲ, ಜೀವಿಗಳು ಸತ್ತಿನಲ್ಲಿ ಒಂದಾಗುವುದೂ ಹೀಗೆಯೇ. ಕಿಣ್ವದ ಕೆಲಸ ಗೊತ್ತಿರುವವರಿಗೆ ಈ ಮಾತು ಇನ್ನಷ್ಟು ಆಳವಾಗಿ ತಟ್ಟುತ್ತದೆ. ಹೊಂಗೆಯ ಸುಕ್ರೋಸ್ ಆಗಲಿ ಬೇವಿನದಾಗಲಿ, ಇನ್ವರ್ಟೇಸ್ ಸೀಳಿದ ಮೇಲೆ ಬರುವ ಗ್ಲೂಕೋಸ್ ಕಣಕ್ಕೆ ಊರಿಲ್ಲ, ಮರವಿಲ್ಲ. ಉದ್ದಾಲಕ ಹೇಳಿದ ಗುರುತಿನ ಅಳಿವು ಅಕ್ಷರಶಃ ನಡೆಯುತ್ತದೆ.

ಆದರೆ ಪೂರ್ತಿಯಾಗಿ ಅಲ್ಲ. ಒಂದು ಹನಿ ಜೇನನ್ನು ನೀರಿನಲ್ಲಿ ತೆಳು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪರಾಗದ ಕಣಗಳು ಕಾಣುತ್ತವೆ: ಕೆಲವು ನುಣ್ಣಗೆ, ಕೆಲವು ಮುಳ್ಳು ಮುಳ್ಳಾಗಿ, ಕೆಲವಕ್ಕೆ ಮೂರು ಸೀಳು. ಬಲ್ಲವರು ಅದನ್ನು ನೋಡಿ ಈ ಜೇನು ಯಾವ ಗಿಡಗಳದು, ಸರಿಸುಮಾರು ಯಾವ ಸೀಮೆಯದು, ಯಾವ ಕಾಲದ್ದು ಎಂದು ಹೇಳಬಲ್ಲರು. ಸಕ್ಕರೆ ತನ್ನ ಮೂಲ ಮರೆತಿದೆ, ಪರಾಗ ಮರೆತಿಲ್ಲ. ಅದ್ವೈತಿಗೂ ದ್ವೈತಿಗೂ ಒಂದೇ ಹನಿಯಲ್ಲಿ ಸಾಕ್ಷಿ ಸಿಕ್ಕಂತಾಯಿತು. ಒಂದಾದ ಮೇಲೂ ಗುರುತು ಉಳಿಯುತ್ತದೆಯೇ ಎಂಬ ಹಳೆಯ ವಾದವನ್ನು ಪ್ರಯೋಗಾಲಯ ತೀರ್ಮಾನಿಸಲಾರದು. ಆದರೆ ಉದ್ದಾಲಕನ ದೃಷ್ಟಾಂತವನ್ನು ಇನ್ನು ಮುಂದೆ ಹೇಳುವವರು ಈ ಪರಾಗದ ಲೆಕ್ಕವನ್ನೂ ಕೊಡಬೇಕು.

ಹೆಜ್ಜೇನು ಇನ್ನೂ ದೊಡ್ಡ ಒಗಟನ್ನು ಒಡ್ಡುತ್ತದೆ. ಮರದ ಎತ್ತರದ ಕೊಂಬೆಗೋ ಗೋಪುರದ ಚಾಚಿಗೋ ಒಂದೇ ದೊಡ್ಡ ಎರಿ ಕಟ್ಟಿ ತೆರೆದ ಗಾಳಿಯಲ್ಲಿ ಬದುಕುವ ಈ ನೊಣ ಒಂದೆಡೆ ನಿಲ್ಲುವುದಲ್ಲ. ಬಯಲಲ್ಲಿ ಹೂವಿದ್ದಾಗ ಬಯಲಿಗೆ, ಕಾಡಿನಲ್ಲಿ ಹೂ ಬಿಟ್ಟಾಗ ಕಾಡಿಗೆ ಕುಟುಂಬ ಸಮೇತ ಹೊರಟುಬಿಡುತ್ತದೆ. ಮುಂದಿನ ಸಲ ಅದೇ ಮರಕ್ಕೆ ಬರುವ ಹೆಜ್ಜೇನು ಹೋದ ವರ್ಷದ್ದೇ ಎಂದು ಜೇನು ಕೀಳುವವರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಅಸ್ಸಾಮಿನ ಹೆಜ್ಜೇನುಗಳ ವಂಶವಾಹಿ ಪರೀಕ್ಷಿಸಿ ಈ ಮಾತಿಗೆ ಆಧಾರ ಕೊಟ್ಟಿತು: ಕುಟುಂಬಗಳು ತಮ್ಮ ಹಳೆಯ ಜಾಗಕ್ಕೇ ಮರಳಿದ್ದವು. ಹೊರಟ ಕೆಲಸಗಾರ ನೊಣಗಳು ಅಷ್ಟರಲ್ಲಿ ಸತ್ತಿರುತ್ತವೆ. ದಾರಿ ಹಿಡಿದು ಬಂದವು ಆ ಮರವನ್ನು ಹಿಂದೆಂದೂ ಕಾಣದವು. ರಾಣಿ ಬದುಕಿರುತ್ತದೆ ನಿಜ, ಆದರೆ ಜಾಗ ಹುಡುಕುವುದು ರಾಣಿಯ ಕೆಲಸವಲ್ಲ. ಹಾಗಾದರೆ ಮರಳಿದ್ದು ಯಾರು? ಕರ್ಮ, ಜನ್ಮಾಂತರ ಎಂದು ನಾವು ತಲೆ ಕೆಡಿಸಿಕೊಂಡ ಪ್ರಶ್ನೆಗೆ ಇಷ್ಟು ನೆಟ್ಟನೆಯ ರೂಪ ಬೇರೆಲ್ಲೂ ಸಿಗಲಿಕ್ಕಿಲ್ಲ. ದಾರಿ ಹಿಡಿದ ದೇಹಗಳೆಲ್ಲ ಬದಲಾಗಿವೆ, ನೆನಪು ಮಾತ್ರ ಉಳಿದಿದೆ.

ಇನ್ನು ನಮ್ಮ ಕಡೆಯ ಪ್ರಶ್ನೆ. ಆ ಜೇನನ್ನು ಮನುಷ್ಯ ತೆಗೆಯಬಹುದೆ?

ಬೇಡ ಎಂದು ಖಡಾಖಂಡಿತವಾಗಿ ಹೇಳಿದವರು ಜೈನರು. ಮದ್ಯ, ಮಾಂಸ, ಮಧು ಈ ಮೂರನ್ನೂ ಬಿಡುವುದು ಜೈನ ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಶ್ರವಣಬೆಳಗೊಳವಿರುವ, ಚಾಮರಾಜನಗರದ ಮಲೆಯೂರಿನಲ್ಲಿ ಕನಕಗಿರಿ ಇರುವ ನಾಡಿಗೆ ಈ ನಿಷೇಧ ಹೊಸದಲ್ಲ. ಅದರ ಕಾರಣ ಕಣ್ಣೆದುರೇ ಇತ್ತು. ಹಳೆಯ ಕಾಲದಲ್ಲಿ ಜೇನು ಎಂದರೆ ಹೊಗೆ ಹಾಕಿ, ಎರಿ ಕಿತ್ತು, ಮೊಟ್ಟೆ ಮರಿ ಸಮೇತ ಹಿಂಡಿದ ರಸ. ಬಟ್ಟಲಿನಲ್ಲಿ ಸಾವಿರಾರು ಜೀವಗಳಿರುತ್ತಿದ್ದವು. ಬೌದ್ಧರ ಪಾರಿಲೇಯ್ಯಕ ಕಾಡಿನ ಕತೆಯಲ್ಲೂ ಇದೇ ಸೂಕ್ಷ್ಮವಿದೆ. ಕೋತಿಯೊಂದು ಜೇನಿನ ಎರಿ ತಂದು ಬುದ್ಧನ ಮುಂದಿಟ್ಟಿತು. ಬುದ್ಧ ತಿನ್ನಲಿಲ್ಲ. ಕೋತಿ ಎರಿಯನ್ನು ತಿರುಗಿಸಿ ನೋಡಿ, ಮರಿಗಳನ್ನು ಬಿಡಿಸಿ ತೆಗೆದು ಮತ್ತೆ ಕೊಟ್ಟಿತು. ಆಮೇಲೆ ತಿಂದ. ಬೌದ್ಧ ಭಿಕ್ಷುಗಳಿಗೆ ಜೇನು ಔಷಧಿಯಾಗಿ ಒಪ್ಪಿಗೆ, ಆದರೆ ಏಳು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವರ್ಷಗಟ್ಟಲೆ ಕೆಡದ ವಸ್ತುವಿಗೆ ಏಳು ದಿನದ ಗಡುವು! ಆ ನಿಯಮ ಮಾಡಿದವರ ಕಣ್ಣು ಜೇನಿನ ಮೇಲಿರಲಿಲ್ಲ, ಇಟ್ಟುಕೊಳ್ಳುವವನ ಮನಸ್ಸಿನ ಮೇಲಿತ್ತು.

ಕೋತಿ ಕೈಯಿಂದ ಮಾಡಿದ ಕೆಲಸವನ್ನು ಪೆಟ್ಟಿಗೆ ಮಾಡಲು ಕಲಿತದ್ದು 19ನೆಯ ಶತಮಾನದಲ್ಲಿ. ಎರಿಗಳ ನಡುವೆ ನೊಣಗಳು ಸುಮಾರು 9 ಮಿಲಿಮೀಟರ್ ಓಣಿಯನ್ನು ಖಾಲಿ ಬಿಡುತ್ತವೆಂದು 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಗಮನಿಸಿದ. ಆ ಅಳತೆ ಸಿಕ್ಕಿದ್ದರಿಂದ ಚೌಕಟ್ಟುಗಳನ್ನು ಎತ್ತಿ ಇಳಿಸುವ ಪೆಟ್ಟಿಗೆ ಬಂತು. ಕೆಳಗೆ ಮರಿಕೋಣೆ, ಮೇಲೆ ಜೇನುಕೋಣೆ. ಮೇಲಿನದನ್ನು ಮಾತ್ರ ತೆಗೆದು, ಯಂತ್ರದಲ್ಲಿ ತಿರುಗಿಸಿ, ಖಾಲಿ ಎರಿಯನ್ನು ಮರಳಿಸಬಹುದು. ಒಂದು ಮರಿಯೂ ಸಾಯಬೇಕಿಲ್ಲ. ಗಾಂಧೀಜಿಯ ಗ್ರಾಮೋದ್ಯೋಗದ ಪಟ್ಟಿಯಲ್ಲಿ ಜೇನು ಸಾಕಣೆಗೆ ಜಾಗ ಸಿಕ್ಕಿದ್ದು ಇಂಥ ಪೆಟ್ಟಿಗೆಯಿಂದಲೇ. ಜೈನರ ಆಕ್ಷೇಪದ ಅರ್ಧಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಇನ್ನರ್ಧ ಹಾಗೇ ಉಳಿದಿದೆ: ಕೊಲ್ಲಲಿಲ್ಲ ಸರಿ, ಕಸಿದುಕೊಂಡದ್ದಲ್ಲವೇ?

ಅದಕ್ಕೆ ಉತ್ತರ ಋತುವಿನಲ್ಲಿದೆ. ಮೇ ಕೊನೆಯಲ್ಲಿ ಒಂದು ತುಡುವೆ ಪೆಟ್ಟಿಗೆ ತೆರೆದರೆ ಕಾಣುವುದಿಷ್ಟು. ಜೇನುಕೋಣೆಯ ಚೌಕಟ್ಟುಗಳು ಬಿಳಿ ಮುಚ್ಚಳ ಹೊದ್ದು ಭಾರವಾಗಿವೆ. ಕೆಳಗಿನ ಮರಿಕೋಣೆಯಲ್ಲಿ ನಡುವಿನ ಕಣಗಳಲ್ಲಿ ಮರಿ, ಅದರ ಸುತ್ತ ಬಣ್ಣಬಣ್ಣದ ಪರಾಗ, ಎಲ್ಲಕ್ಕೂ ಮೇಲೆ ಕಮಾನಿನ ಹಾಗೆ ಒಂದು ಪಟ್ಟಿ ಜೇನು. ಆ ಪಟ್ಟಿ ಮಳೆಗಾಲದ್ದು. ಸುಗ್ಗಿ ಚೆನ್ನಾದ ವರ್ಷ ಮೇಲಿನ ಕೋಣೆಯ ಜೇನಿನಲ್ಲಿ ಪಾಲು ಕೇಳುವುದಕ್ಕೆ ಸಾಕಿದವನಿಗೆ ಸ್ವಲ್ಪ ನೈತಿಕ ಹಕ್ಕಿದೆ. ಅವನು ಮನೆ ಕೊಟ್ಟಿದ್ದಾನೆ, ಇರುವೆ ಕಣಜಗಳಿಂದ ಕಾದಿದ್ದಾನೆ. ಕೆಳಗಿನ ಪಟ್ಟಿಗೆ ಕೈಹಾಕಿದರೆ ಅದು ಕಳವು. ಎಲ್ಲವನ್ನೂ ತೆಗೆದು ಬದಲಿಗೆ ಸಕ್ಕರೆ ಪಾಕ ಇಡುವುದು ರೂಢಿ. ಬರಗಾಲದಲ್ಲಿ ನಿಜಕ್ಕೂ ಸೊರಗಿದ ಕುಟುಂಬವನ್ನು ಪಾಕ ಉಳಿಸುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಾನೇ ಬರಿದು ಮಾಡಿ ತಾನೇ ಪಾಕ ಹೊಯ್ಯುವುದನ್ನು ಉಪಕಾರ ಎನ್ನಲಾಗದು. ತುಡುವೆಗೆ ಇದಕ್ಕೆ ತನ್ನದೇ ಉತ್ತರವೂ ಉಂಟು. ಉಳಿಯುವಷ್ಟು ಇಲ್ಲವೆಂದು ಕಂಡರೆ ಅದು ಮನೆ, ಎರಿ ಎಲ್ಲ ಬಿಟ್ಟು ಎದ್ದು ಹೋಗುತ್ತದೆ. ಬೆಳಗ್ಗೆ ಪೆಟ್ಟಿಗೆ ತೆರೆದವನಿಗೆ ಸಿಗುವುದು ಖಾಲಿ ಮೇಣ.

ಈ ಹುಳಕ್ಕೆ ಬಿದ್ದಿರುವ ಪೆಟ್ಟುಗಳು ಈಗಾಗಲೇ ಕಡಿಮೆಯಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಒರೆಸಿಹಾಕಿತು. ಬೆಳೆಗೆ ಹೊಡೆಯುವ ಕೀಟನಾಶಕ ಹೂವಿನ ಹೊತ್ತಿನಲ್ಲೇ ಬೀಳುತ್ತದೆ. ತಿ. ನರಸೀಪುರದ ರೇಷ್ಮೆ ಬೆಳೆಗಾರರಿಗೆ ಇದರ ಸಂಕಟ ಬೇಗ ಅರ್ಥವಾದೀತು; ಪಕ್ಕದ ಹೊಲದ ಔಷಧಿಯ ಗಾಳಿ ಹಿಪ್ಪುನೇರಳೆಗೆ ತಾಗಿದರೆ ಅವರ ಹುಳವೂ ಉಳಿಯುವುದಿಲ್ಲ. ಊರೊಳಗೆ ಕಟ್ಟಿದ ಹೆಜ್ಜೇನಿಗಂತೂ ರಾತ್ರಿ ಬೆಂಕಿ ಹಿಡಿಯುವುದು ಮಾಮೂಲಾಗಿದೆ. ಜಾತ್ರೆಯ ಜನದ ನಡುವೆ ನೊಣ ಎದ್ದರೆ ಅಪಾಯ ನಿಜ. ಬಲ್ಲವರನ್ನು ಕರೆಸಿ ಎಬ್ಬಿಸಲು ದಾರಿಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಈ ವಿದ್ಯೆ ತಲೆಮಾರುಗಳಿಂದ ಗೊತ್ತು. ಹೆಜ್ಜೇನಿನ ಎರಿಯಲ್ಲಿ ಜೇನು ಇರುವುದು ಕೊಂಬೆಗೆ ಅಂಟಿದ ಮೇಲ್ಭಾಗದ ಒಂದು ಕಡೆ, ಮರಿ ಕೆಳಗೆ. ಜೇನಿನ ಭಾಗವನ್ನಷ್ಟೇ ಕೊಯ್ದು ಮರಿ ಬಿಡುವ ಪದ್ಧತಿ ಅಸಾಧ್ಯದ್ದೇನಲ್ಲ. 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ ಮಾನ್ಯತೆ ಸಿಕ್ಕಿದಾಗ ಕಾಡಿನ ಈ ಜೇನಿನ ಹಕ್ಕೂ ಅದರಲ್ಲಿ ಸೇರಿತ್ತು.

ಕೊಳ್ಳುವವರ ಹೊಣೆ ಇದಕ್ಕಿಂತ ಹಗುರವಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಯ ಜೇನುಗಳನ್ನು ಪರೀಕ್ಷೆ ಮಾಡಿಸಿ, ಬಹಳಷ್ಟರಲ್ಲಿ ಸಕ್ಕರೆ ಪಾಕ ಬೆರೆತಿದೆ ಎಂದು ಪ್ರಕಟಿಸಿತು. ಜೇನನ್ನು ಕಾಯಿಸಬಾರದು ಎಂದು ಚರಕ ಸಂಹಿತೆ ಹೇಳುತ್ತದೆ. ಕಾಯಿಸಿದರೆ ವಿಷವಾಗುತ್ತದೆಂಬ ಅದರ ಮಾತಿಗೆ ಪ್ರಯೋಗಾಲಯದ ಒಪ್ಪಿಗೆ ಸಿಕ್ಕಿಲ್ಲ. ಕಾಯಿಸಿದರೆ ಕಿಣ್ವಗಳು ಹಾಳಾಗುತ್ತವೆಂಬುದು ಮಾತ್ರ ಖಚಿತ. ಅದಕ್ಕೇ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಜೇನಿನ ಗುಣವನ್ನು ಅಳೆಯುವಾಗ ಡಯಾಸ್ಟೇಸ್ ಎಂಬ ಕಿಣ್ವ ಎಷ್ಟು ಉಳಿದಿದೆ ಎಂದು ನೋಡುತ್ತದೆ. ಅತಿಯಾಗಿ ಕಾಯಿಸಿದ್ದನ್ನೋ ಪಾಕ ಬೆರೆಸಿದ್ದನ್ನೋ ಪಂಚಾಮೃತವೆಂದು ಲಿಂಗದ ಮೇಲೆ ಹೊಯ್ದರೆ ಅದರಲ್ಲಿ ನೊಣ ತನ್ನ ಮೈಯಿಂದ ಕೊಟ್ಟದ್ದು ಹೆಚ್ಚೇನೂ ಇರುವುದಿಲ್ಲ.

ದೇವನೂರಿನ ಕಡೆ, ನಂಜನಗೂಡು ನರಸೀಪುರಗಳ ಕಡೆ ಪೆಟ್ಟಿಗೆ ಇಟ್ಟಿರುವವರು ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜೇನು ತೆಗೆಯುವುದನ್ನು ನಿಲ್ಲಿಸಲಿ. ಮರಿಕೋಣೆಯ ಜೇನನ್ನು ಯಾವ ಕಾಲಕ್ಕೂ ಮುಟ್ಟದಿರಲಿ. ಪೂಜೆಗೋ ಮನೆಗೋ ಜೇನು ಕೊಳ್ಳುವವರು ಮಾರುವವನನ್ನು ಎರಡೇ ಮಾತು ಕೇಳಲಿ: ಇದನ್ನು ಯಾವ ತಿಂಗಳಲ್ಲಿ ತೆಗೆದದ್ದು, ಗೂಡಿನಲ್ಲಿ ಎಷ್ಟು ಬಿಟ್ಟು ಬಂದೆ? ಉತ್ತರ ಹೇಳಲಾಗದವನ ಜೇನು ಬೇಡ.